27 ವರ್ಷ ತಡವಾಗಿ ಎದ್ದುನಿಂತ ಕ್ರೇನ್

ನಮ್ಮ ಮನೆಯ ಟಿವಿ ಪಕ್ಕದ ಶೆಲ್ಫಿನಲ್ಲಿ ಒಂದು ಕೆಂಪು ಕಾರು ನಿಂತಿದೆ. ಲೆಗೊ ಟೆಕ್ನಿಕ್. ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಚಕ್ರಗಳು ತಿರುಗುತ್ತವೆ, ಮೆಲ್ಲಗೆ ತಳ್ಳಿದರೆ ಎಂಜಿನ್ನಿನ ಪಿಸ್ಟನ್‌ಗಳು ಮೇಲೆ ಕೆಳಗೆ ಆಡುತ್ತವೆ. ಬೋನಸ್ ಬಂದ ವಾರ ಆರ್ಡರ್ ಮಾಡಿದ್ದು. ನಾಲ್ಕು ರಾತ್ರಿ ಕೂತು ಜೋಡಿಸಿದೆ, ಫೋಟೊ ತೆಗೆದು ಸ್ಟೇಟಸ್ ಹಾಕಿದೆ, ಶೆಲ್ಫಿಗೆ ಏರಿಸಿದೆ. ಆಮೇಲೆ ಅದನ್ನು ಮುಟ್ಟಿದ್ದು ಧೂಳು ಒರೆಸೋಕೆ ಮಾತ್ರ.

ಮಗಳಿಗೆ ಒಂಬತ್ತು ವರ್ಷ. ಒಂದು ಭಾನುವಾರ ಶೆಲ್ಫಿನ ಮುಂದೆ ನಿಂತು ಕೇಳಿದಳು: “ಅಪ್ಪಾ, ಇದು ಆಟದ ಸಾಮಾನು ಅಲ್ವಾ? ಮತ್ತೆ ನಾನ್ಯಾಕೆ ಆಡಬಾರದು?”

“ಬಿದ್ದರೆ ಬಿಚ್ಚಿ ಹೋಗುತ್ತೆ ಪುಟ್ಟಾ” ಅಂದೆ.

“ಬಿಚ್ಚಿದ್ರೆ ಮತ್ತೆ ಜೋಡಿಸಬಹುದಲ್ಲ, ಅದಕ್ಕೇ ತಾನೇ ಇರೋದು?”

ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಒಂದು ಬಿಸ್ಕತ್ತಿನ ಡಬ್ಬಿ. ದಾವಣಗೆರೆಯ ನಮ್ಮ ಮನೆಯ ಅಟ್ಟದ ಮೇಲೆ, ತುಕ್ಕು ಹಿಡಿದ ಮುಚ್ಚಳದ ಒಳಗೆ, ತೂತು ತೂತಿನ ಹಸಿರು ಪಟ್ಟಿಗಳು. ನಿಮ್ಮ ಮನೆಯಲ್ಲೂ ಇತ್ತಾ ಅಂಥದ್ದೊಂದು? ತೊಂಬತ್ತರ ದಶಕದಲ್ಲಿ ಬೆಳೆದವರಾಗಿದ್ದರೆ ಇದ್ದಿರಬಹುದು. ನಿಮ್ಮದಲ್ಲದಿದ್ದರೆ ಪಕ್ಕದ ಮನೆಯವರದ್ದು.

ಅಪ್ಪ ತಂದ ಮೆಕ್ಯಾನಿಕ್ಸ್

1997. ಆಗ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಅಣ್ಣ ಶಾಲೆಗೇ ಮೊದಲು ಬಂದ. ಅಪ್ಪ ವರ್ಕ್‌ಶಾಪ್ ಒಂದರಲ್ಲಿ ಲೇತ್ ಆಪರೇಟರ್. ಯಾವುದೋ ಕೆಲಸಕ್ಕೆ ಬೆಂಗಳೂರಿಗೆ ಹೋದವರು ಬರುವಾಗ ಅಣ್ಣನಿಗೆ ಅಂತ ಮೆಕ್ಯಾನಿಕ್ಸ್ ಡಬ್ಬಿ ತಂದರು. ಹುಟ್ಟುಹಬ್ಬಕ್ಕೆ ಹೊಸ ಬಟ್ಟೆಯೇ ದೊಡ್ಡದು ಅನ್ನುವ ಮನೆಯಲ್ಲಿ, ಆಟದ ಸಾಮಾನಿಗೆ ಅಷ್ಟು ದುಡ್ಡು ಕೊಟ್ಟದ್ದು ಅದೇ ಮೊದಲು, ಅದೇ ಕೊನೆ. ಅವ್ವ ಎರಡು ದಿನ ಮಾತು ಬಿಟ್ಟಿದ್ದಳು.

ಮುಚ್ಚಳ ತೆಗೆದಾಗ ಬಂದ ವಾಸನೆ ಇನ್ನೂ ನೆನಪಿದೆ. ಹೊಸ ಬಣ್ಣ ಮತ್ತು ಕಬ್ಬಿಣ ಸೇರಿದ ವಾಸನೆ. ತಗಡಿನ ಪಟ್ಟಿಗಳು, ಮೂಲೆಗೆ ಬಾಗಿಸಿದ ತುಂಡುಗಳು, ರಬ್ಬರ್ ಟೈರಿನ ನಾಲ್ಕು ಗಾಲಿ, ಉದ್ದನೆಯ ಸರಳುಗಳು, ಸಣ್ಣ ಪೊಟ್ಟಣದಲ್ಲಿ ನಟ್ಟು-ಬೋಲ್ಟು, ಬೆರಳುದ್ದದ ಪಾನಾ, ಒಂದು ಸ್ಕ್ರೂಡ್ರೈವರ್. ದಾರ, ಕೊಕ್ಕೆ, ಎರಡು ರಾಟೆ. ಜೊತೆಗೆ ಚಿತ್ರಗಳ ಪುಸ್ತಕ.

ಆ ಪುಸ್ತಕದಲ್ಲಿ ಈಗಿನ ಹಾಗೆ ಒಂದೊಂದು ತುಂಡಿಗೂ ಒಂದೊಂದು ಚಿತ್ರ ಇರಲಿಲ್ಲ. ಮುಗಿದ ಮಾದರಿಯ ಚಿತ್ರ ಇರೋದು, ಅಷ್ಟೆ. ಹಿಂಬದಿಯಲ್ಲಿ ಯಾವ ಬೋಲ್ಟು ಎಲ್ಲಿಗೆ ಹೋಗಿದೆ ಅನ್ನೋದು ನಮ್ಮ ಊಹೆಗೆ ಬಿಟ್ಟದ್ದು. ಮೂರನೇ ಕ್ಲಾಸಿನ ನನಗೆ ಅದು ಅರ್ಥವಾಗುತ್ತಿರಲಿಲ್ಲ. ಅಣ್ಣ ಪುಸ್ತಕವನ್ನು ಒಮ್ಮೆ ನೋಡಿ ಮಗುಚಿಡುತ್ತಿದ್ದ. “ಹಿಂದ್ಗಡೆ ಹಿಂಗೇ ಇರಬೇಕಲೇ, ಇಲ್ಲಾಂದ್ರೆ ನಿಲ್ಲಂಗಿಲ್ಲ” ಅನ್ನುತ್ತ ಜೋಡಿಸುತ್ತಿದ್ದ.

ನನ್ನ ಕೆಲಸ ನಟ್ಟು ಹಿಡಿದುಕೊಳ್ಳೋದು. ಬೆರಳ ತುದಿಯಲ್ಲಿ ಆರು ಮೂಲೆಯ ಗುರುತು ಮೂಡುವ ತನಕ ಹಿಡಿದಿರಬೇಕು. ಕೈಜಾರಿ ಬಿದ್ದರೆ ಮುಗೀತು; ಇಬ್ಬರೂ ನೆಲಕ್ಕೆ ಕೆನ್ನೆ ಒತ್ತಿ, ಮಂಚದ ಕೆಳಗೆ ಟಾರ್ಚು ಬಿಟ್ಟು ಹುಡುಕಾಟ. ಏಣಿ, ಕೈಗಾಡಿ, ಉಯ್ಯಾಲೆ, ಸೇತುವೆ ಎಲ್ಲ ಆದವು. ಪುಸ್ತಕದ ಕೊನೆಯಲ್ಲಿದ್ದದ್ದು ಕ್ರೇನ್. ಅದಕ್ಕೆ ಎರಡೂ ರಾಟೆ ಬೇಕು. ಅಣ್ಣ ಅದನ್ನು ದಸರಾ ರಜೆಗೆ ಅಂತ ಎತ್ತಿಟ್ಟುಕೊಂಡಿದ್ದ.

ಆ ಕ್ರೇನ್ ಆಗಲೇ ಇಲ್ಲ. ರಜೆ ಬರುವಷ್ಟರಲ್ಲಿ ರಾಟೆಗಳೇ ಇರಲಿಲ್ಲ. ನಾನು ಶಾಲೆಗೆ ಕದ್ದೊಯ್ದು, ಹನ್ನೆರಡು ಡಬ್ಲ್ಯುಡಬ್ಲ್ಯುಎಫ್ ಕಾರ್ಡಿಗೆ ಅದಲುಬದಲು ಮಾಡಿಕೊಂಡಿದ್ದೆ. ಅಂಡರ್‌ಟೇಕರ್ ಕಾರ್ಡ್ ಸಿಕ್ಕ ಖುಷಿಯಲ್ಲಿ ಅದು ತಪ್ಪು ಅಂತಲೂ ಅನಿಸಿರಲಿಲ್ಲ. ಅಣ್ಣ ಮೂರು ದಿನ ಮನೆಯೆಲ್ಲ ಹುಡುಕಿದ. ನಾನೂ ಅವನ ಜೊತೆ ಟಾರ್ಚು ಹಿಡಿದು ಹುಡುಕಿದೆ. ಯಾರಿಗೂ ಹೇಳಲಿಲ್ಲ.

ಒಬ್ಬ ಗುಮಾಸ್ತ, ಒಬ್ಬ ಬಡಗಿ

ಮಗಳ ಪ್ರಶ್ನೆಯ ನಂತರ ಈ ಆಟಿಕೆಗಳ ಹಿಂದಿನ ಕಥೆ ಓದುತ್ತ ಕೂತೆ. ನಮ್ಮ ಮೆಕ್ಯಾನಿಕ್ಸ್‌ನಂಥ ಡಬ್ಬಿಗಳಿಗೆಲ್ಲ ಮೂಲಪುರುಷ ಇಂಗ್ಲೆಂಡಿನ ಮೆಕಾನೊ. ಅದನ್ನು ಕಂಡುಹಿಡಿದ ಫ್ರಾಂಕ್ ಹಾರ್ನ್‌ಬಿ ಎಂಜಿನಿಯರ್ ಅಲ್ಲ. ಲಿವರ್‌ಪೂಲ್‌ನಲ್ಲಿ ಮಾಂಸ ಆಮದು ಮಾಡುವ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತ. ಸಂಜೆ ಮನೆಗೆ ಬಂದು ಇಬ್ಬರು ಗಂಡುಮಕ್ಕಳಿಗೆ ತಗಡು ಕತ್ತರಿಸಿ ಆಟಿಕೆ ಮಾಡಿಕೊಡುತ್ತಿದ್ದ. ಪ್ರತಿ ಆಟಿಕೆಗೂ ಹೊಸದಾಗಿ ತುಂಡು ಕತ್ತರಿಸಿ ಸಾಕಾಗಿರಬೇಕು. ಎಲ್ಲ ಪಟ್ಟಿಗಳಲ್ಲೂ ಒಂದೇ ಅಂತರಕ್ಕೆ ತೂತು ಕೊರೆದರೆ, ಇಂದು ಸೇತುವೆಯಾದದ್ದು ನಾಳೆ ಕ್ರೇನ್ ಆಗಬಹುದಲ್ಲ ಅನ್ನುವ ಯೋಚನೆ ಬಂತು. 1901ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಮೆಕಾನೊ ಅನ್ನುವ ಹೆಸರು ಬಂದದ್ದು 1907ರಲ್ಲಿ. ತೂತಿನಿಂದ ತೂತಿಗೆ ಅರ್ಧ ಇಂಚು. ಇಡೀ ಆಟ ನಿಂತದ್ದು ಆ ಅರ್ಧ ಇಂಚಿನ ಮೇಲೆ.

ಇದು ಬರೀ ಮಕ್ಕಳಾಟವಾಗಿ ಉಳಿಯಲಿಲ್ಲ. 1934ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡಗ್ಲಸ್ ಹಾರ್ಟ್ರಿ ಮತ್ತು ಆರ್ಥರ್ ಪೋರ್ಟರ್ ಮೆಕಾನೊ ತುಂಡುಗಳಿಂದಲೇ ಒಂದು ಲೆಕ್ಕದ ಯಂತ್ರ ಕಟ್ಟಿದರು. ಕಾಗದದ ಮೇಲೆ ಬಿಡಿಸಲು ಕಷ್ಟವಾದ ಸಮೀಕರಣಗಳನ್ನು ಅದು ಗಾಲಿ ತಿರುಗಿಸಿ ಬಿಡಿಸುತ್ತಿತ್ತು. ಕೋಡ್ ಬರೆದು ಹೊಟ್ಟೆ ಹೊರೆಯುವ ನನ್ನಂಥವರ ಕಸುಬಿಗೆ ಅದೂ ಒಂದು ಅಜ್ಜ ಅನ್ನಬಹುದು. ಅದನ್ನು ಓದಿದಾಗ ನನಗೆ ನಗು ಬಂತು. ಬಟ್ಟೆ ಗಿರಣಿಗಳ ಕಾಲದಲ್ಲಿ ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಅಲ್ಲಿ ಆ ಮ್ಯಾಂಚೆಸ್ಟರಿನಲ್ಲಿ ಪ್ರೊಫೆಸರ್‌ಗಳು ಜೋಡಿಸಿದ್ದನ್ನೇ ಇಲ್ಲಿ ಈ ಮ್ಯಾಂಚೆಸ್ಟರಿನಲ್ಲಿ ನನ್ನ ಅಣ್ಣ ಜೋಡಿಸುತ್ತಿದ್ದ.

ಲೆಗೊ ಶುರು ಮಾಡಿದವನೂ ಎಂಜಿನಿಯರ್ ಅಲ್ಲ. ಡೆನ್ಮಾರ್ಕಿನ ಬಿಲ್ಲುಂಡ್ ಅನ್ನುವ ಊರಿನ ಬಡಗಿ, ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್. ಕೈಗೆ ಕೆಲಸವಿಲ್ಲದ ಕಷ್ಟದ ಕಾಲದಲ್ಲಿ, 1932ರಲ್ಲಿ, ಮರದ ಆಟಿಕೆ ಮಾಡಲು ಹಿಡಿದ. ‘ಚೆನ್ನಾಗಿ ಆಡು’ ಅನ್ನುವ ಅರ್ಥದ ಎರಡು ಡೇನಿಶ್ ಪದಗಳಿಂದ ಲೆಗೊ ಅನ್ನುವ ಹೆಸರು ಬಂತು. ಪ್ಲಾಸ್ಟಿಕ್ ಇಟ್ಟಿಗೆ ಬಂದದ್ದು 1949ರಲ್ಲಿ. ಆದರೆ ಅದರ ಹೊಟ್ಟೆ ಟೊಳ್ಳು. ಒಂದರ ಮೇಲೊಂದು ಕೂರುತ್ತಿತ್ತು, ಗಟ್ಟಿಯಾಗಿ ಕಚ್ಚಿಕೊಳ್ಳುತ್ತಿರಲಿಲ್ಲ. ಒಳಗೆ ಸಣ್ಣ ಕೊಳವೆಗಳನ್ನು ಸೇರಿಸಿದ ವಿನ್ಯಾಸಕ್ಕೆ 1958ರ ಜನವರಿಯಲ್ಲಿ ಪೇಟೆಂಟ್ ಕೇಳಿದರು. ಮೇಲಿನ ಗುಂಡಿ ಕೆಳಗಿನ ಕೊಳವೆಗೆ ಒತ್ತಿಕೊಂಡು ನಿಲ್ಲುವ ಆ ಹಿಡಿತವೇ ಇವತ್ತಿಗೂ ಇರೋದು. 1958ರ ಇಟ್ಟಿಗೆ ನಿಮ್ಮ ಕೈಗೆ ಸಿಕ್ಕರೆ, ಮೊನ್ನೆ ತಂದ ಇಟ್ಟಿಗೆಯ ಮೇಲೆ ಸರಿಯಾಗಿ ಕೂರುತ್ತದೆ. ನಮ್ಮ ಫೋನಿನ ಚಾರ್ಜರ್ ಐದು ವರ್ಷಕ್ಕೊಮ್ಮೆ ಬದಲಾಗುವ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಇಟ್ಟಿಗೆಯಿಂದ ಮನೆ ಕಟ್ಟಬಹುದು, ಯಂತ್ರ ಕಟ್ಟೋದು ಹೇಗೆ? 1977ರಲ್ಲಿ ಲೆಗೊ ಗೇರ್, ಅಚ್ಚು, ಪಿನ್ನು, ತೂತಿರುವ ಉದ್ದನೆಯ ತೊಲೆಗಳನ್ನು ತಂದಿತು. ಅದೇ ಮುಂದೆ ಟೆಕ್ನಿಕ್ ಆಯಿತು. ಎಂಟು ಹಲ್ಲಿನ ಗೇರಿನಿಂದ 24 ಹಲ್ಲಿನ ಗೇರ್ ತಿರುಗಿಸಿದರೆ ವೇಗ ಮೂರನೇ ಒಂದು ಪಾಲು, ಬಲ ಹತ್ತಿರ ಹತ್ತಿರ ಮೂರು ಪಟ್ಟು. ಗೇರ್ ಸೈಕಲ್ ತುಳಿದು ನಂದಿ ಬೆಟ್ಟ ಹತ್ತಿದವರ ಕಾಲಿಗೆ ಈ ಲೆಕ್ಕ ಗೊತ್ತು. ಟೆಕ್ನಿಕ್ ಅದನ್ನು ಕೈಗೆ ಗೊತ್ತು ಮಾಡಿಸುತ್ತದೆ. 1980ರ ಒಂದು ಕಾರಿನ ಚಾಸಿಯಲ್ಲಿ ಡಿಫರೆನ್ಷಿಯಲ್ ಕೂಡ ಇತ್ತು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಜೋರಾಗಿ ಓಡಬೇಕು, ಆದರೆ ಎಂಜಿನ್ ಒಂದೇ. ಅದು ಹೇಗೆ ಸಾಧ್ಯ ಅಂತ ಎಂಜಿನಿಯರಿಂಗಿನಲ್ಲಿ ನಾನು ಉರು ಹೊಡೆದು ಪಾಸಾದ ಪಾಠ. ಅರ್ಥವಾದದ್ದು ಕಳೆದ ವರ್ಷ, ರಾತ್ರಿ ಹನ್ನೊಂದಕ್ಕೆ, ಶೆಲ್ಫಿನ ಆ ಕೆಂಪು ಕಾರು ಜೋಡಿಸುವಾಗ.

ಹಳೆಯದು ಚೆನ್ನ, ಹೊಸದು ಸುಳ್ಳಾ?

‘ನಮ್ಮ ಕಾಲದ ಆಟಿಕೆಯೇ ಆಟಿಕೆ’ ಅಂತ ಬರೆದು ಮುಗಿಸೋದು ಸುಲಭ. ಆದರೆ ಅದು ಪೂರ್ತಿ ನಿಜವಲ್ಲ.

ಹಳೇ ಡಬ್ಬಿಯ ಅಂಚುಗಳಿಗೆ ನನ್ನ ಬೆರಳು ಎಷ್ಟು ಸಲ ಕುಯ್ದಿದೆಯೋ ಲೆಕ್ಕವಿಲ್ಲ. ನಾಲ್ಕು ಬೋಲ್ಟು ಬಿಗಿ ಮಾಡಿ ಐದನೆಯದಕ್ಕೆ ಬಂದಾಗ ಮೊದಲನೆಯದು ಸಡಿಲಾಗಿರುತ್ತಿತ್ತು. ಗೇರ್‌ಬಾಕ್ಸಂತೂ ನಮ್ಮ ಸಣ್ಣ ಡಬ್ಬಿಯಲ್ಲಿ ಕನಸು. ಹೊಸ ಟೆಕ್ನಿಕ್ ತೋರಿಸುವಷ್ಟು ಯಂತ್ರವಿದ್ಯೆಯನ್ನು ಅದು ತೋರಿಸಲಿಲ್ಲ.

ಆದರೆ ಒಂದು ವ್ಯತ್ಯಾಸ ಇದೆ. ಹಳೇ ಡಬ್ಬಿ ತಂದದ್ದು ಒಂದು ಮಾದರಿ ಕಟ್ಟೋಕಲ್ಲ. ಒಂದನ್ನು ಬಿಚ್ಚದೆ ಇನ್ನೊಂದು ಆಗುತ್ತಲೇ ಇರಲಿಲ್ಲ, ಅಷ್ಟು ಕಡಿಮೆ ಸಾಮಾನು. ಈಗಿನ ದೊಡ್ಡ ಸೆಟ್ಟುಗಳು ಒಂದೇ ಕಾರಿಗಾಗಿ ಬರುತ್ತವೆ. 2018ರಲ್ಲಿ ಬಂದ ಬುಗಾಟಿ ಶಿರಾನ್ ಮಾದರಿಯಲ್ಲಿ 3,599 ತುಂಡು! 2020ರಿಂದ ದೊಡ್ಡವರಿಗೆಂದೇ ‘18+’ ಅಂತ ಅಚ್ಚು ಹಾಕಿದ ಕಪ್ಪು ಡಬ್ಬಿಗಳೂ ಬರುತ್ತಿವೆ. ಬೆಲೆಯೂ ಹಾಗೇ. ನಮ್ಮ ದೇಶದಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಅಷ್ಟು ದುಡ್ಡು ಕೊಟ್ಟು ತಂದು ಜೋಡಿಸಿದ್ದನ್ನು ಬಿಚ್ಚೋಕೆ ಯಾರಿಗೆ ಮನಸ್ಸು ಬರುತ್ತೆ? ಶೆಲ್ಫಿಗೇ ಹೋಗುತ್ತೆ.

ತಪ್ಪು ಇಟ್ಟಿಗೆಯದ್ದಲ್ಲ. ಎರಡು ಸಾಲಿನಲ್ಲಿ ಎಂಟು ಗುಂಡಿಗಳಿರುವ ಮಾಮೂಲಿ ಲೆಗೊ ಇಟ್ಟಿಗೆ ಆರು ಕೊಟ್ಟರೆ, ಅವನ್ನು 91,51,03,765 ಬಗೆಯಲ್ಲಿ ಜೋಡಿಸಬಹುದು ಅಂತ ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಆರೇ ಆರು ಇಟ್ಟಿಗೆ, 91 ಕೋಟಿ ದಾರಿ. ನಾನು ಅದರಲ್ಲಿ ಒಂದನ್ನು ಆರಿಸಿಕೊಂಡು ಧೂಳು ಒರೆಸುತ್ತಿದ್ದೆ.

ದಸರಾ ರಜೆ, ಅಟ್ಟದ ಡಬ್ಬಿ

2024ರ ದಸರಾ ರಜೆಗೆ ಊರಿಗೆ ಹೊರಟಾಗ ಮಗಳಿಗೆ ಅಂತ ಟೆಕ್ನಿಕ್ಕಿನ ಒಂದು ಸಣ್ಣ ಕ್ರೇನ್ ಲಾರಿ ಕಟ್ಟಿಸಿಕೊಂಡೆ. ಯಾಕೆ ಕ್ರೇನೇ ಅಂತ ಹೆಂಡತಿ ಕೇಳಿದಳು. “ಸುಮ್ನೆ” ಅಂದೆ.

ಇಲ್ಲಿ ಅಣ್ಣನ ಬಗ್ಗೆ ಹೇಳಬೇಕು. 2002ರಲ್ಲಿ ಅವನ ಪಿಯುಸಿ ಮುಗಿಯಿತು. ಸಿಇಟಿಯಲ್ಲಿ ರ‍್ಯಾಂಕ್ ಚೆನ್ನಾಗಿಯೇ ಬಂದಿತ್ತು, ಮೆಕ್ಯಾನಿಕಲ್ ಸಿಗುತ್ತಿತ್ತು. ಅದೇ ಮಳೆಗಾಲದಲ್ಲಿ ಲೇತಿನಲ್ಲಿ ಅಪ್ಪನ ಬಲಗೈಯ ಎರಡು ಬೆರಳು ಹೋದವು. ಕೌನ್ಸೆಲಿಂಗಿಗೆ ಹೋಗಬೇಕಿದ್ದ ವಾರ ಅಣ್ಣ ಆಸ್ಪತ್ರೆಯಲ್ಲಿದ್ದ. ಮುಂದಿನ ತಿಂಗಳು ಅಪ್ಪನ ಜಾಗದಲ್ಲಿ, ಅದೇ ಲೇತಿನ ಮುಂದೆ ನಿಂತ. ನಾಲ್ಕು ವರ್ಷದ ನಂತರ ನನಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಎಂಟೂ ಸೆಮಿಸ್ಟರಿನ ಫೀಸು ಅಣ್ಣನ ಜೇಬಿನಿಂದ ಬಂತು.

ಈಗ ಪಿ.ಬಿ. ರೋಡಿನ ಬದಿಯಲ್ಲಿ ಅವನದ್ದೇ ಸಣ್ಣ ವರ್ಕ್‌ಶಾಪ್ ಇದೆ. ಟ್ರ್ಯಾಕ್ಟರ್, ಪಂಪುಸೆಟ್ಟು, ಭತ್ತದ ಮಿಷನ್ನಿನ ಬಿಡಿಭಾಗ ಮಾಡಿಕೊಡುತ್ತಾನೆ. ಆ ವರ್ಷದ ಮಾತನ್ನು ನಾವಿಬ್ಬರೂ ಎಂದೂ ಎತ್ತಿದ್ದಿಲ್ಲ. ನಾನು ಊರಿಗೆ ಹೋದಾಗೆಲ್ಲ ಏನಾದರೂ ದುಬಾರಿಯದನ್ನು ಒಯ್ಯುತ್ತೇನೆ. ಫೋನು, ಮಿಕ್ಸರ್, ವಾಚು. ಅವನು “ಯಾಕೆ ಬೇಕಿತ್ತಲೇ” ಅನ್ನುತ್ತಾನೆ. ಅಲ್ಲಿಗೆ ಮುಗಿಯುತ್ತೆ.

ಅವತ್ತು ಬೆಳಿಗ್ಗೆ ಬೆಣ್ಣೆ ದೋಸೆ ತಿಂದು, ಮಗಳು ಮಂಚದ ಮೇಲೆ ಡಬ್ಬಿ ಸುರುವಿಕೊಂಡು ಕೂತಳು. ಮಧ್ಯಾಹ್ನದ ಹೊತ್ತಿಗೆ ಹಳದಿ ಕ್ರೇನ್ ರೆಡಿ. ಅಣ್ಣ ಊಟಕ್ಕೆ ಬಂದವನು ಕೈ ತೊಳೆಯುವ ಮುಂಚೆಯೇ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಹಿಡಿಕೆ ತಿರುಗಿಸಿ ಕೊಕ್ಕೆ ಮೇಲೆತ್ತಿದ. ಹಿಡಿಕೆ ಬಿಟ್ಟ. ಹೊರೆ ಅಲ್ಲೇ ನಿಂತಿತು, ಜಾರಲಿಲ್ಲ.

“ಇದ್ಯಾಕೆ ಕೆಳಗೆ ಬರ್ತಿಲ್ಲ ಹೇಳು ನೋಡಾನ?” ಅಂತ ಮಗಳನ್ನು ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ನಾನು ಫೋನ್ ನೋಡುವವನಂತೆ ತಲೆ ತಗ್ಗಿಸಿದೆ. ಅಣ್ಣ ಪಕ್ಕದ ಎರಡು ತುಂಡು ಕಿತ್ತು ಒಳಗೆ ತೋರಿಸಿದ. “ನೋಡು, ಇದು ಸ್ಕ್ರೂ ಇದ್ದಂಗೆ ಐತಲ್ಲ, ಇದು ವರ್ಮ್ ಗೇರು. ಇದು ತಿರುಗಿದ್ರೆ ಪಕ್ಕದ ಚಕ್ರ ತಿರುಗ್ತದೆ. ಆದ್ರೆ ಆ ಚಕ್ರ ಎಷ್ಟು ತಿಣುಕಿದ್ರೂ ಇದನ್ನ ತಿರುಗಿಸಕ್ಕೆ ಆಗಲ್ಲ. ಕಾರಿನ ವೈಪರ್ ಮೋಟರಲ್ಲೂ ಇದೇ ಇರೋದು.” ಮಗಳು ಅದನ್ನು ಹತ್ತು ಸಲ ತಿರುಗಿಸಿ ನೋಡಿದಳು.

ಆಮೇಲೆ ಅವಳಿಗೆ ಒಂದು ಆಸೆ. ಕ್ರೇನ್ ಮಂಚದ ಮೇಲೆ ನಿಂತುಕೊಂಡು ನೆಲದ ಮೇಲಿನ ಡಬ್ಬಿಯನ್ನು ಎತ್ತಬೇಕು. ಆದರೆ ಕ್ರೇನಿನ ತೋಳು ಮಂಚದ ಅಂಚು ದಾಟುತ್ತಿರಲಿಲ್ಲ. “ಇಷ್ಟೇ ದೊಡ್ಡಪ್ಪ, ಬುಕ್ ಮುಗೀತು” ಅಂದಳು.

ಅಣ್ಣ ನನ್ನ ಕಡೆ ನೋಡಿದ. “ಆ ಡಬ್ಬಿ ಇಳಿಸಲೇ.”

ಯಾವ ಡಬ್ಬಿ ಅಂತ ಕೇಳಬೇಕಾಗಿರಲಿಲ್ಲ. ಸ್ಟೂಲ್ ಹಾಕಿಕೊಂಡು ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದೆ. ಮುಚ್ಚಳ ಕಚ್ಚಿಕೊಂಡಿತ್ತು. ಅಣ್ಣ ಹಳೇ ಕಾಸಿನ ಅಂಚಿನಿಂದ ಎಬ್ಬಿಸಿದ. ಅದೇ ವಾಸನೆ, ಸ್ವಲ್ಪ ತುಕ್ಕು ಬೆರೆತು.

ಹನ್ನೊಂದು ತೂತಿನ ಒಂದು ಹಸಿರು ಪಟ್ಟಿ ತೆಗೆದು ಲೆಗೊ ತೊಲೆಯ ಪಕ್ಕ ಹಿಡಿದ. ಮೊದಲ ತೂತು ಸರಿಹೊಂದಿತು. ಎರಡನೆಯದು ತಪ್ಪಿತು. ಮೂರನೆಯದೂ ತಪ್ಪಿತು. “ಕೂರಲ್ಲ ಅಣ್ಣ, ಅದು ಇಂಚು, ಇದು ಮಿಲಿಮೀಟರು” ಅಂದೆ, ದೊಡ್ಡ ತಿಳಿದವನ ಹಾಗೆ. ಅವನು ಮಾತಾಡಲಿಲ್ಲ. ಜೇಬಿನಿಂದ ಸ್ಟೀಲ್ ಸ್ಕೇಲ್ ತೆಗೆದು ಎರಡನ್ನೂ ಅಳೆದ. ಬಾಯಲ್ಲೇ ಏನೋ ಲೆಕ್ಕ ಹಾಕಿದ.

“ಇದರ ಐದು ಅಂತರಕ್ಕೆ ಅರವತ್ಮೂರೂವರೆ ಮಿಲಿಮೀಟರು. ಅದರ ಎಂಟು ಅಂತರಕ್ಕೆ ಅರವತ್ನಾಲ್ಕು. ಅರ್ಧ ಮಿಲಿಮೀಟರು ಅಷ್ಟೆ ಫರಕು. ಅದರ ತೂತು ದೊಡ್ಡದೈತೆ, ನಾಲ್ಕು ಎಂಎಂ ಬೋಲ್ಟು ಹಾಕಿದ್ರೆ ಆ ಅರ್ಧ ನುಂಗ್ಕೋತದೆ.”

ನಾನು ಫೋನಿನ ಕ್ಯಾಲ್ಕುಲೇಟರ್ ತೆಗೆದೆ. ಅರ್ಧ ಇಂಚು ಅಂದರೆ 12.7 ಮಿ.ಮೀ. ಅದರ ಐದು ಪಟ್ಟು 63.5. ಲೆಗೊ ಅಂತರ 8 ಮಿ.ಮೀ. ಎಂಟೆಂಟ್ಲೆ 64. ಲೆಗೊ ತೂತಿನ ಅಗಲ 4.8. ಎಲ್ಲ ಸರಿಯಾಗಿತ್ತು. ಡಿಗ್ರಿ ಇದ್ದವನು ‘ಆಗಲ್ಲ’ ಅಂದಿದ್ದ. ಸ್ಕೇಲ್ ಇದ್ದವನು ಅಳೆದು ನೋಡಿದ್ದ.

ವರ್ಕ್‌ಶಾಪಿನಿಂದ ಉದ್ದನೆಯ ಬೋಲ್ಟುಗಳು ಬಂದವು. ಪಟ್ಟಿಯ ಮೊದಲ ತೂತು ತೊಲೆಯ ಒಂದು ತೂತಿಗೆ, ಪಟ್ಟಿಯ ಆರನೆಯದು ಅಲ್ಲಿಂದ ಒಂಬತ್ತನೆಯದಕ್ಕೆ. ಆಚೆ ಒಂದು ಪಟ್ಟಿ, ಈಚೆ ಒಂದು ಪಟ್ಟಿ, ನಡುವೆ ಹಳದಿ ತೊಲೆ. ತೋಳು ಉದ್ದವಾಯಿತು. ಆದರೆ ಕಬ್ಬಿಣದ ಭಾರಕ್ಕೆ ಲಾರಿ ಮೂಗು ಮುಗ್ಗರಿಸಿತು. ಮಗಳು ಹಿಂಬದಿಗೆ ಹಳೇ ಬೇರಿಂಗ್ ಒಂದನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿದಳು. ಆ ಐಡಿಯಾ ಅವಳದ್ದೇ. ನಾನು ನಟ್ಟು ಹಿಡಿದುಕೊಂಡಿದ್ದೆ.

“ತುದಿಗೆ ರಾಟೆ ಬೇಕಲ್ಲ” ಅಂದ ಅಣ್ಣ.

ನನ್ನ ಕೈ ನಿಂತಿತು. 27 ವರ್ಷ ಹೊತ್ತುಕೊಂಡದ್ದನ್ನು ಅಷ್ಟು ಸಣ್ಣ ಮಾತಿಗೆ ಹೇಳಿಬಿಟ್ಟೆ. “ಅಣ್ಣ, ರಾಟೆ ಕಳೆದಿರಲಿಲ್ಲ. ನಾನೇ ಕೊಟ್ಟಿದ್ದೆ. ಡಬ್ಲ್ಯುಡಬ್ಲ್ಯುಎಫ್ ಕಾರ್ಡಿಗೆ.”

“ಗೊತ್ತಿತ್ತು ಬಿಡಲೇ” ಅಂದ, ಡಬ್ಬಿಯಲ್ಲಿ ಕೈಯಾಡಿಸುತ್ತಲೇ. “ನಿನ್ನ ಚೀಲದಾಗೆ ಕಾರ್ಡು ಕಂಡಿದ್ದೆ. ಅಪ್ಪಂಗೆ ಗೊತ್ತಾದ್ರೆ ಬೆನ್ನು ಮುರೀತಿತ್ತು ಅಂತ ಸುಮ್ನಿದ್ದೆ.”

ಡಬ್ಬಿಯ ತಳದಿಂದ ಬಟ್ಟೆಯ ಸಣ್ಣ ಗಂಟು ತೆಗೆದು ಬಿಚ್ಚಿದ. ಒಳಗೆ ಎರಡು ರಾಟೆ. ನಾನು ಕೊಟ್ಟವಲ್ಲ. ಇವು ಹಿತ್ತಾಳೆಯವು, ಕೈಯಲ್ಲಿ ಮಾಡಿದವು. ದಾರ ಕೂರುವ ಗಾಡಿ ಒಂದರಲ್ಲಿ ಸ್ವಲ್ಪ ಓರೆಯಾಗಿತ್ತು.

“ಲೇತಿಗೆ ನಿಂತ ಮೊದಲ್ನೇ ತಿಂಗಳು ಕೈ ಕೂರ್ಲಿ ಅಂತ ತುಂಡು ಹಿತ್ತಾಳೆ ಕೊಟ್ಟಿದ್ರು. ಏನ್ ಮಾಡ್ಲಿ ಅಂತ ಇವನ್ನ ಮಾಡ್ದೆ. ಮನೆಗೆ ತಂದ್ರೆ ನೀನು ಟ್ಯೂಷನ್ನಿಗೆ ಹೋಗಿದ್ದೆ. ಆಮೇಲೆ ಮರ್ತೋತು.”

ನಾನು ಏನೂ ಹೇಳಲಿಲ್ಲ. ಸಿಇಟಿ ಬಿಟ್ಟ ವರ್ಷ, ಹದಿನೇಳರ ಹುಡುಗ, ಸಿಕ್ಕ ಮೊದಲ ಹಿತ್ತಾಳೆಯಲ್ಲಿ ಮಾಡಿದ್ದು ತಮ್ಮ ಕಳೆದ ರಾಟೆ. ಅಡುಗೆಮನೆಯಿಂದ ಅತ್ತಿಗೆ ಊಟ ಆರುತ್ತಿದೆ ಅಂತ ಮೂರನೇ ಸಲ ಕೂಗಿದರು. ಯಾರೂ ಏಳಲಿಲ್ಲ.

ಹಳೇ ಸರಳಿಗೆ ರಾಟೆ ಪೋಣಿಸಿ, ದಾರ ಹಾಯಿಸಿ, ಮಗಳು ಹಿಡಿಕೆ ತಿರುಗಿಸಿದಳು. ನೆಲದಿಂದ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಮೆಲ್ಲಗೆ ಎದ್ದಿತು. ಓರೆಯಾದ ರಾಟೆಯಿಂದಾಗಿ ಸ್ವಲ್ಪ ತೂರಾಡುತ್ತ ಮಂಚದ ಎತ್ತರಕ್ಕೆ ಬಂದು ನಿಂತಿತು. ಹಿಡಿಕೆ ಬಿಟ್ಟರೂ ಜಾರಲಿಲ್ಲ.

ಮಕ್ಕಳಿಗೆ ಕೊಳ್ಳುವ ಮುನ್ನ

ಇಷ್ಟು ಓದಿದ ಮೇಲೆ ನಿಮಗೂ ಒಂದು ಸೆಟ್ ತರುವ ಮನಸ್ಸಾಗಿದ್ದರೆ, ನನ್ನ ಅನುಭವದಿಂದ ನಾಲ್ಕು ಮಾತು.

* ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಸಣ್ಣ ತುಂಡುಗಳ ಸೆಟ್ ನೆಲದ ಮೇಲೆ ಬಿಡಬೇಡಿ, ಬಾಯಿಗೆ ಹೋಗುತ್ತೆ. ಡಬ್ಬಿಯ ಮೇಲಿನ ವಯಸ್ಸು ನೋಡಿ. ಆಟಿಕೆಗಳಿಗೆ ಐಎಸ್‌ಐ ಗುರುತು 2021ರ ಜನವರಿ 1ರಿಂದ ಕಡ್ಡಾಯ, ಅದನ್ನೂ ನೋಡಿ.

* ಮೊದಲ ಸೆಟ್ ದೊಡ್ಡದು ಬೇಡ. ಒಂದು ಸಂಜೆಯಲ್ಲಿ ಮುಗಿಯುವಂಥದ್ದು ಸಾಕು. ಬಿಚ್ಚೋಕೆ ಹೊಟ್ಟೆ ಉರಿಯದಷ್ಟು ಬೆಲೆಯದ್ದಾದರೆ ಇನ್ನೂ ಒಳ್ಳೇದು.

* ಪುಸ್ತಕದ ಪ್ರಕಾರ ಒಮ್ಮೆ ಕಟ್ಟಲಿ. ಎರಡನೇ ಸಲ ಪುಸ್ತಕ ಮುಚ್ಚಿಡಿ. ಎಲ್ಲ ಸೆಟ್ಟಿನ ತುಂಡುಗಳೂ ಒಂದೇ ಡಬ್ಬಿಗೆ ಬೀಳಲಿ. ಬೆರೆತ ಡಬ್ಬಿಯಿಂದಲೇ ಹೊಸದು ಹುಟ್ಟೋದು.

* ಕಚ್ಚಿಕೊಂಡ ಲೆಗೊ ತುಂಡನ್ನು ಹಲ್ಲಿನಿಂದ ಬಿಡಿಸಬೇಡಿ. ಅದಕ್ಕೆಂದೇ ಬಿಡಿಸುವ ಸಾಧನ ಸಿಗುತ್ತೆ. ಕಬ್ಬಿಣದ ಸೆಟ್ಟಾದರೆ ಆಟ ಮುಗಿದ ಮೇಲೆ ಬಟ್ಟೆಗೆ ಒಂದು ಹನಿ ಎಣ್ಣೆ ಹಾಕಿ ಒರೆಸಿಡಿ, ತುಕ್ಕು ತಡವಾಗಿ ಬರುತ್ತೆ.

ಮತ್ತೆ, ಅಟ್ಟದ ಮೇಲಿನ ಹಳೇ ಡಬ್ಬಿಯನ್ನು ಗುಜರಿಗೆ ಹಾಕಬೇಡಿ. ಮೆಕಾನೊ ಹುಟ್ಟಿದ ಲಿವರ್‌ಪೂಲ್‌ನ ಕಾರ್ಖಾನೆ 1979ರಲ್ಲೇ ಮುಚ್ಚಿತು. ಫ್ರಾನ್ಸಿನ ಕಲೇ ಊರಿನಲ್ಲಿ ಉಳಿದಿದ್ದ ಕಾರ್ಖಾನೆಯನ್ನೂ ಮುಚ್ಚುವ ಸುದ್ದಿ 2023ರಲ್ಲಿ ಬಂತು. ಹಳೇ ಪಟ್ಟಿ ಇನ್ನೊಂದು ಸಿಗುವುದು ಕಷ್ಟವಾಗುತ್ತಾ ಹೋಗುತ್ತೆ.

ರಜೆ ಮುಗಿಸಿ ಬೆಂಗಳೂರಿಗೆ ಬರುವಾಗ ಕ್ರೇನನ್ನು ಕಾರಿನಲ್ಲಿ ಇಡಲು ಹೋದೆ. ಮಗಳು ಬೇಡ ಅಂದಳು. “ಅದು ಇಲ್ಲೇ ಇರಲಿ, ಸಂಕ್ರಾಂತಿಗೆ ಬಂದಾಗ ದೊಡ್ಡಪ್ಪನೂ ನಾನೂ ಬಿಚ್ಚಿ ಜೆಸಿಬಿ ಮಾಡ್ತೀವಿ.”

ಮನೆಗೆ ಬಂದು ಬ್ಯಾಗ್ ಇಳಿಸಿದವನೇ ಶೆಲ್ಫಿನಿಂದ ಕೆಂಪು ಕಾರನ್ನು ತೆಗೆದು ನೆಲದ ಮೇಲಿಟ್ಟೆ. ಡಿಫರೆನ್ಷಿಯಲ್ ಇರುವ ಹಿಂಬದಿಯನ್ನು ಮೊದಲು ಬಿಚ್ಚಿದೆವು. ಜೆಸಿಬಿಗೆ ಅದು ಬೇಕಾಗುತ್ತೆ ಅಂತ ಅಣ್ಣ ಫೋನಿನಲ್ಲಿ ಹೇಳಿದ್ದಾನೆ.